ವಯರಿಲ್ಲದ ಗೇರಿಗೆ ದಾವಣಗೆರೆಯ ಪ್ರಶ್ನೆ

ಪುಣೆಯಲ್ಲಿ ನೆಲೆಸಿ ಹದಿನಾಲ್ಕು ವರ್ಷವಾಯಿತು. ಇಲ್ಲಿಂದ ರಾಷ್ಟ್ರೀಯ ಹೆದ್ದಾರಿ 48ನ್ನು ಹಿಡಿದು ದಕ್ಷಿಣಕ್ಕೆ ಬಂದರೆ ನಮ್ಮೂರು ದಾವಣಗೆರೆ, ಅದನ್ನು ದಾಟಿದರೆ ಚಿತ್ರದುರ್ಗ. ರಸ್ತೆ ಒಂದೇ ಆದರೂ ರೋಡ್ ಬೈಕಿಗೆ ಗ್ರೂಪ್‌ಸೆಟ್, ಅಂದರೆ ಗೇರು-ಬ್ರೇಕುಗಳ ಇಡೀ ಜೋಡಣೆ, ಆರಿಸುವ ಬಗೆ ಮಾತ್ರ ಎರಡು ಕಡೆಯೂ ಒಂದೇ ಅಲ್ಲ. ಪುಣೆಯ ನಮ್ಮ ಬಳಗದಲ್ಲಿ ಮಾತು ಶುರುವಾಗುವುದೇ ತುತ್ತತುದಿಯಿಂದ: ಶಿಮಾನೊದ ಡ್ಯೂರಾ-ಏಸ್, ಸ್ರ್ಯಾಮ್‌ನ ರೆಡ್, ಕಂಪಾನ್ಯೋಲೊದ ಸೂಪರ್ ರೆಕಾರ್ಡ್. ಅಲ್ಲಿಂದ ಜೇಬು ತಾಳುವಷ್ಟು ಕೆಳಗಿಳಿದು ಅಲ್ಟೆಗ್ರಾದಲ್ಲೋ ಫೋರ್ಸ್‌ನಲ್ಲೋ ನಿಲ್ಲುತ್ತೇವೆ, ನಿಂತಲ್ಲಿ ಒಂದಿಷ್ಟು ಕೊರಗನ್ನೂ ಉಳಿಸಿಕೊಳ್ಳುತ್ತೇವೆ. ಊರಿನಲ್ಲಿ ಮಾತು ಶುರುವಾಗುವುದು, ಕೆಟ್ಟರೆ ಏನು ಗತಿ ಎಂಬಲ್ಲಿಂದ.

ಕಳೆದ ದೀಪಾವಳಿಗೆ ಸೈಕಲ್ಲನ್ನು ಬಸ್ಸಿನ ಡಿಕ್ಕಿಗೆ ಹಾಕಿಕೊಂಡು ಬಂದಿದ್ದೆ. ಯಾರದೋ ಮೂಟೆ ಅದರ ಮೇಲೆ ಬಿದ್ದು, ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಹಿಂದಿನ ಡಿರೈಲರ್ ತೂಗುವ ಹ್ಯಾಂಗರ್ ಒಳಕ್ಕೆ ಬಾಗಿತ್ತು. ಹನ್ನೆರಡು ಹಲ್ಲುಚಕ್ರಗಳು ಒತ್ತೊತ್ತಾಗಿ ಕುಳಿತ ಕ್ಯಾಸೆಟ್ಟಿನಲ್ಲಿ ಹ್ಯಾಂಗರ್ ತುಸು ಬಾಗಿದರೂ ಚೈನು ಎರಡು ಗೇರುಗಳ ನಡುವೆ ತಡಕಾಡುತ್ತದೆ. ಹಳೇ ಊರಿನ ರಿಪೇರಿ ಅಂಗಡಿಯ ಹಿರಿಯರು ಡಿರೈಲರನ್ನು ಬಿಚ್ಚಿ ಪಕ್ಕಕ್ಕಿಟ್ಟರು. ಹಳೆಯದೊಂದು ಗೇರ್ ಸೈಕಲ್ಲಿನ ಹಿಂಚಕ್ರವನ್ನು ತಂದು, ಅದರ ಅಚ್ಚನ್ನು ಹ್ಯಾಂಗರಿನ ತಿರುಪಿನ ತೂತಿಗೆ ತಿರುಗಿಸಿ ಕೂರಿಸಿ, ಎರಡು ಚಕ್ರಗಳೂ ಕಣ್ಣಿಗೆ ಸಮಾನಾಂತರವಾಗಿ ಕಾಣುವವರೆಗೆ ಮೆಲ್ಲಗೆ ಎಳೆದರು. ಪುಣೆಯ ಅಂಗಡಿಯಲ್ಲಿ ಇದಕ್ಕೆಂದೇ ಗೇಜು ಇದೆ. ಕೆಲಸ ಮಾತ್ರ ಇಷ್ಟೇ ಚೊಕ್ಕ. ಆಮೇಲೆ ಅವರು ಹ್ಯಾಂಡಲಿನಿಂದ ಹಿಂಚಕ್ರದವರೆಗೆ ಬೆರಳಾಡಿಸಿ, “ಇದಕ್ಕೆ ವಯರ್ ಎಲ್ಲೈತಪ್ಪಾ?” ಎಂದು ಕೇಳಿದರು. ಬ್ಯಾಟರಿ, ಮೋಟಾರುಗಳ ಕಥೆ ಹೇಳಿದೆ. “ಇದು ಕೆಟ್ರೆ ಸಾಮಾನು ಎಲ್ಲಿ ಸಿಗ್ತೈತಿ?” ಪುಣೆಯಲ್ಲಿ ಎಂದೆ. “ಹಂಗಾರೆ ಅಲ್ಲೇ ಓಡಿಸ್ಬೇಕು ಇದನ್ನ.”

ಆ ಮಾತನ್ನು ಆಗ ನಕ್ಕು ತಳ್ಳಿಹಾಕಿದೆ. ಆದರೆ ಆಮೇಲೆ ಯೋಚಿಸಿದರೆ ಅದರಲ್ಲಿ ಹುರುಳಿತ್ತು. 2021ರಲ್ಲಿ ಡ್ಯೂರಾ-ಏಸ್ ಮತ್ತು ಅಲ್ಟೆಗ್ರಾ ಹನ್ನೆರಡು ಗೇರಿಗೆ ಬಂದಾಗ ಎರಡೂ ಎಲೆಕ್ಟ್ರಾನಿಕ್ ಮಾತ್ರ ಆದವು. ಶಿಮಾನೊದಲ್ಲಿ ಕೇಬಲ್ ಎಳೆಯುವ ಹನ್ನೆರಡು ಗೇರಿನ ರೋಡ್ ಗ್ರೂಪ್ ಬೇಕೆಂದರೆ ಅಲ್ಟೆಗ್ರಾಗಿಂತ ಕೆಳಗಿನ ದರ್ಜೆಯ, 2023ರ 105ಕ್ಕೇ ಬರಬೇಕು. ಅಂದರೆ ಮೇಲಕ್ಕೆ ಹೋದಂತೆಲ್ಲ ನಮ್ಮೂರಿನ ಕೈಗೆ ಎಟುಕುವ ರಿಪೇರಿ ಕಡಿಮೆಯಾಗುತ್ತ ಹೋಗುತ್ತದೆ. ಇನ್ನು ತೂಕ: ಶಿಮಾನೊದ ಎಲೆಕ್ಟ್ರಾನಿಕ್ ಗೇರಿನ ಹೆಸರು ಡಿಐ2; ಡ್ಯೂರಾ-ಏಸ್ ಡಿಐ2ಗೂ 105 ಡಿಐ2ಗೂ ಇರುವ ಅಂತರ ಅರ್ಧ ಕಿಲೋ ಆಸುಪಾಸು. ನಮ್ಮೂರಿನ ಮಂಡಕ್ಕಿ, ಮೆಣಸಿನಕಾಯಿಯ ಮುಂದೆ ಒಂದು ವಾರ ಕುಳಿತರೆ ಆ ಅರ್ಧ ಕಿಲೋ ಎಲ್ಲಿ ಸೇರುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಹೆಸರಿಗಿಂತ ಹಲ್ಲಿನ ಲೆಕ್ಕ ದೊಡ್ಡದು. ಆಷಾಢದಲ್ಲಿ ಚಿತ್ರದುರ್ಗದಿಂದ ದಾವಣಗೆರೆಗೆ ಹೆದ್ದಾರಿಯಲ್ಲಿ ತುಳಿದವರಿಗೆ, ಆ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಏಕೆ ನೆಟ್ಟಿದ್ದಾರೆಂದು ಯಾರೂ ವಿವರಿಸಬೇಕಾಗಿಲ್ಲ. ಶಿಮಾನೊದ 11-34 ಕ್ಯಾಸೆಟ್ಟಿನಲ್ಲಿ (ಅತಿ ಚಿಕ್ಕ ಚಕ್ರಕ್ಕೆ 11 ಹಲ್ಲು, ಅತಿ ದೊಡ್ಡದಕ್ಕೆ 34) 15 ಹಲ್ಲಿನ ನಂತರ ನೇರ 17 ಬರುತ್ತದೆ. 11-30ರಲ್ಲಿ ನಡುವೆ 16 ಇದೆ. ಎದುರುಗಾಳಿಯಲ್ಲಿ 15 ಭಾರವೆನಿಸಿ, 17 ಹಗುರವೆನಿಸಿ, ಕಾಲು ಲಯ ಸಿಗದೆ ಒದ್ದಾಡುವಾಗ ಇಲ್ಲದ ಆ 16ರ ಬೆಲೆ ಗೊತ್ತಾಗುತ್ತದೆ. ಅದೇ ಚಿತ್ರದುರ್ಗದ ಜೋಗಿಮಟ್ಟಿಯ ಏರಿಗೆ ತಿರುಗಿದರೆ ಲೆಕ್ಕ ತಲೆಕೆಳಗು. ಡ್ಯೂರಾ-ಏಸ್ ಕ್ಯಾಸೆಟ್ 34ಕ್ಕೆ ನಿಂತರೆ, ಅಗ್ಗದ 105ರಲ್ಲಿ 11-36 ಸಿಗುತ್ತದೆ. ಪೆಡಲಿನ ಬಳಿಯ 34 ಹಲ್ಲಿನ ಚಕ್ರದ ಜೊತೆಗೆ ಅದು ಮಂಡಿಗೆ ಮಾಡುವ ಉಪಕಾರವನ್ನು ಡ್ಯೂರಾ-ಏಸ್‌ನ ಟೈಟಾನಿಯಂ ಹಲ್ಲುಗಳು ಮಾಡಲಾರವು. ಆ ಟೈಟಾನಿಯಂ ಉಕ್ಕಿಗಿಂತ ಬೇಗ ಸವೆಯುತ್ತದೆ ಎಂಬುದೂ ನಮ್ಮ ಧೂಳಿನ ರಸ್ತೆಗಳಲ್ಲಿ ಸಣ್ಣ ಮಾತಲ್ಲ.

ಸ್ರ್ಯಾಮ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬದಲಾಗಿದೆ. ಅದರ ಎರಡು ಡಿರೈಲರ್‌ಗಳ ಬ್ಯಾಟರಿಗಳು ಒಂದೇ ಬಗೆಯವು. ಹಿಂದಿನದು ಖಾಲಿಯಾದರೆ ಮುಂದಿನದನ್ನು ಕಿತ್ತು ಹಿಂದೆ ಸಿಕ್ಕಿಸಿ ಮನೆ ಸೇರಬಹುದು. ರೋಡ್ ಬೈಕಿನ ಹೈಡ್ರಾಲಿಕ್ ಬ್ರೇಕಿಗೆ ಅದು ಬಳಸುವುದು ಡಾಟ್ ದ್ರವ. ಡಾಟ್ 4 ಎಂದರೆ ದಾವಣಗೆರೆಯ ಯಾವ ಮೋಟಾರ್‌ಸೈಕಲ್ ಸ್ಪೇರ್ಸ್ ಅಂಗಡಿಯವರೂ ಮರುಮಾತಿಲ್ಲದೆ ಎತ್ತಿಕೊಡುತ್ತಾರೆ. ಶಿಮಾನೊಗೆ ಮಿನರಲ್ ಆಯಿಲ್ಲೇ ಆಗಬೇಕು, ಅದಕ್ಕೆ ಡಾಟ್ ಹಾಕಿದರೆ ಸೀಲುಗಳೇ ಹಾಳು. ಕಂಪಾನ್ಯೋಲೊ ಬಗ್ಗೆ ನನಗೆ ಗೌರವವಿದೆ. ಚಿತ್ರದುರ್ಗದಲ್ಲಿ ಇಟ್ಟುಕೊಳ್ಳುವ ಧೈರ್ಯವಿಲ್ಲ.

ಚಿತ್ರದುರ್ಗದಲ್ಲಿರುವ ನನ್ನ ಭಾವಮೈದುನ ಈಚೆಗೆ ಎರಡು ಲಕ್ಷ ಕೂಡಿಸಿಕೊಂಡು, “ಭಾವ, ಅಲ್ಟೆಗ್ರಾ ಹಾಕಿಸ್ಲಾ?” ಎಂದು ಫೋನಿನಲ್ಲಿ ಕೇಳಿದ. ಪುಣೆಯ ರೂಢಿಯಂತೆ ಹೂಂ ಅನ್ನಬೇಕಿತ್ತು. ಕೇಬಲ್ಲಿನ 105, ಅದಕ್ಕೆ 11-36 ಕ್ಯಾಸೆಟ್, ಉಳಿದ ಹಣಕ್ಕೆ ಒಳ್ಳೆಯ ಚಕ್ರಗಳು ಎಂದೆ. ಎರಡು ಚೈನು ಮತ್ತು ಆ ಫ್ರೇಮಿನದೇ ಒಂದು ಹ್ಯಾಂಗರನ್ನು ಮೊದಲ ದಿನವೇ ತೆಗೆದಿಟ್ಟುಕೊಳ್ಳಲೂ ಹೇಳಿದೆ. ನಾನು ಇನ್ನೂ ಅಲ್ಟೆಗ್ರಾದಲ್ಲೇ ಓಡಾಡುತ್ತಿದ್ದೇನೆ. ಅವನು ಅದನ್ನು ನೆನಪಿಸದೆ ಬಿಡಲಿಲ್ಲ.