ನಮ್ಮ ವಾರ್ಡ್ ಒಂದು ದಿಣ್ಣೆಯ ಮೇಲಿದೆ

ಮೊನ್ನೆ ರಾತ್ರಿ ಸುರಿದ ಮಳೆಗೆ ನಮ್ಮ ಬೀದಿಯ ಮೋರಿ ಕಟ್ಟಿಕೊಂಡು ನೀರು ಗೇಟಿನ ಒಳಗೇ ಬಂತು. ಬೆಳಿಗ್ಗೆ ಎದ್ದು ಕಚೇರಿಗೆ ಫೋನ್ ಮಾಡಿದೆ. "ಮೇಡಂ, ಆ ಮೋರಿ ರಸ್ತೆ ಆಚೆ ಪಕ್ಕದ್ದು. ಅದು ನಮ್ಮ ವಾರ್ಡ್ ಅಲ್ಲ" ಅಂದರು. ಇನ್ನೊಂದು ಕಡೆ ಕೇಳಿದೆ. "ಹೊಸ ವಾರ್ಡ್ ಪಟ್ಟಿ ಬಂದಿದೆ. ನಿಮ್ಮ ಬೀದಿ ಎಲ್ಲಿಗೆ ಸೇರುತ್ತೆ ನೋಡಿ ಹೇಳ್ತೀವಿ" ಅಂದರು. ಅವರು ನೋಡಿ ಹೇಳುವ ಹೊತ್ತಿಗೆ ಪಕ್ಕದ ಮನೆಯವರೂ ನಾವೂ ಸೇರಿ ಕೋಲು ಹಾಕಿ ಕಸ ಎಳೆದಿದ್ದೆವು. ನೀರು ಇಳಿಜಾರು ಹಿಡಿದು ಹೊರಟುಹೋಗಿತ್ತು.

ಎಲ್ಲಿಗೆ ಹೋಯಿತು ಆ ನೀರು? ಅವತ್ತಿನಿಂದ ಇದೇ ತಲೆಯಲ್ಲಿ ಕೂತಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಬೆಂಗಳೂರಿನ ನಮ್ಮ ಬಸವನಗುಡಿ ಇರುವುದು ಒಂದು ದಿಣ್ಣೆಯ ಮೇಲೆ. ದಿನಾ ಓಡಾಡುವ ನಮಗೆ ಇದು ಕಾಣುವುದಿಲ್ಲ. ಮನೆ, ಅಂಗಡಿ, ಮರ ಎಲ್ಲ ಅಡ್ಡ ಬರುತ್ತವೆ. ಆದರೆ ಸೈಕಲ್ ತುಳಿದವರ ಕಾಲಿಗೆ ಗೊತ್ತು. ಚಾಮರಾಜಪೇಟೆ ಕಡೆಯಿಂದ ಬುಲ್ ಟೆಂಪಲ್ ರಸ್ತೆ ಹತ್ತಿ ಬಂದು ನೋಡಿ. ದೊಡ್ಡ ಬಸವಣ್ಣನ ಹತ್ತಿರ ಬರುವಾಗ ಉಸಿರು ಬಿಗಿಯುತ್ತದೆ. ಪಕ್ಕದ ಕಹಳೆ ಬಂಡೆ, ಅದೇ ನಮ್ಮ ಬ್ಯೂಗಲ್ ರಾಕ್, ಈ ನೆಲದ ಎಲುಬು ಹೊರಗೆ ಕಾಣುವ ಜಾಗ. ಲಾಲ್‌ಬಾಗಿನ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದ್ದಾರೆ. ಅದಕ್ಕೆ ಸುಮಾರು 300 ಕೋಟಿ ವರ್ಷ ವಯಸ್ಸು. ಕಹಳೆ ಬಂಡೆಯೂ ಅದೇ ಜಾತಿಯ ಕಲ್ಲು. ಸಂಜೆ ಅದರ ಮೇಲೆ ಮಕ್ಕಳು ಜಾರುವುದನ್ನು ನೋಡುತ್ತಾ ಕೂತಾಗ ನನಗೆ ಇದು ಯಾವಾಗಲೂ ನೆನಪಾಗುತ್ತದೆ.

ದಿಣ್ಣೆ ಅಂದಮೇಲೆ ಎರಡು ಮಗ್ಗುಲು ಇರಬೇಕಲ್ವಾ? ಪಶ್ಚಿಮದ ಮಗ್ಗುಲಿಗೆ ಬಿದ್ದ ಮಳೆ ಗವಿಪುರದ ಕಡೆ ಇಳಿದು ಕೆಂಪಾಂಬುಧಿ ಕೆರೆಯ ದಾರಿ ಹಿಡಿಯುತ್ತದೆ. ಅಲ್ಲಿಂದ ವೃಷಭಾವತಿ ಹೊಳೆ. ಮೈಸೂರು ರಸ್ತೆ, ಕೆಂಗೇರಿ, ಬೈರಮಂಗಲ ಕೆರೆ ದಾಟಿ, ಕನಕಪುರದ ಕಡೆ ಅರ್ಕಾವತಿಗೆ ಸೇರಿ, ಸಂಗಮದಲ್ಲಿ ಕಾವೇರಿಯಾಗುತ್ತದೆ. ಪೂರ್ವದ ಮಗ್ಗುಲಿನ ನೀರಿನ ದಾರಿಯೇ ಬೇರೆ. ಲಾಲ್‌ಬಾಗಿನ ಕೆರೆ ಕಡೆ ಹೋದದ್ದು ಕೋರಮಂಗಲದ ಕಣಿವೆಗೆ ಇಳಿದು, ಬೆಳ್ಳಂದೂರು, ವರ್ತೂರು ಕೆರೆ ತುಂಬಿ, ದಕ್ಷಿಣ ಪಿನಾಕಿನಿಗೆ ಸೇರಿ ತಮಿಳುನಾಡಿಗೆ ಹೋಗುತ್ತದೆ. ಒಂದೇ ಮೋಡದ ಎರಡು ಹನಿ. ಒಂದು ಕಾವೇರಿಗೆ, ಇನ್ನೊಂದು ಪಿನಾಕಿನಿಗೆ. ಇದು ಗೊತ್ತಾದ ಮೇಲೆ ನಾನು ನಮ್ಮ ಬಡಾವಣೆಯನ್ನು ಮೊದಲಿನ ಹಾಗೆ ನೋಡಲು ಆಗಿಲ್ಲ.

ವೃಷಭಾವತಿ ಹುಟ್ಟುವುದು ನಮ್ಮ ಬಸವನ ಪಾದದಲ್ಲೇ ಅನ್ನುವುದು ಇಲ್ಲಿಯವರ ನಂಬಿಕೆ. ಮಲ್ಲೇಶ್ವರದವರನ್ನು ಕೇಳಿದರೆ ಕಾಡು ಮಲ್ಲೇಶ್ವರದ ಎದುರಿನ ನಂದಿ ತೀರ್ಥವನ್ನು ತೋರಿಸುತ್ತಾರೆ. ಅಲ್ಲಿಯೂ ಬಸವನ ಬಾಯಿಂದಲೇ ನೀರು. ಇಬ್ಬರ ಮಾತಿನಲ್ಲೂ ತಪ್ಪಿಲ್ಲ ಅಂತ ನನಗನ್ನಿಸುತ್ತದೆ. ದಿಣ್ಣೆಯ ಉದ್ದಕ್ಕೂ ಹುಟ್ಟಿದ ಎಷ್ಟೋ ಸಣ್ಣ ಹಳ್ಳಗಳು ಸೇರಿಯೇ ಒಂದು ಹೊಳೆ ಆಗುವುದು. ಹೆಸರಿನಲ್ಲೇ ವೃಷಭ ಇದೆ. ಹೊಳೆಗೆ ಹೆಸರಿಟ್ಟವರಿಗೆ ಅದರ ತಲೆ ಎಲ್ಲಿದೆ ಅಂತ ಚೆನ್ನಾಗಿ ಗೊತ್ತಿತ್ತು.

ಈಗ ಬಡಾವಣೆ ಆಗಿರುವ ಈ ಜಾಗ ಮೊದಲು ಸುಂಕೇನಹಳ್ಳಿ ಅನ್ನುವ ಊರು. ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟಿದಾಗ ಇದು ಕೋಟೆಯಿಂದ ಆಚೆಗಿನ ಹೊಲಗಳ ನಾಡು. ಕಡಲೆಕಾಯಿ ಪರಿಷೆಯ ಕಥೆ ನಿಮಗೆಲ್ಲ ಗೊತ್ತೇ ಇದೆ. ರೈತರ ಹೊಲಕ್ಕೆ ಬಸವ ನುಗ್ಗಿ ಕಡಲೆಕಾಯಿ ಮೇಯುತ್ತಿದ್ದ. ಹೊಡೆದರು, ಅವನು ಕಲ್ಲಾಗಿ ಕೂತ. ತಪ್ಪಾಯಿತು ಅಂತ ಮೊದಲ ಬೆಳೆಯನ್ನು ಅವನಿಗೇ ಒಪ್ಪಿಸುವ ಹರಕೆ ಹೊತ್ತರು. ಚಿಕ್ಕಂದಿನಲ್ಲಿ ಇದನ್ನು ಬರೀ ದೇವರ ಕಥೆಯಾಗಿ ಕೇಳಿದ್ದೆ. ಈಗ ಇದು ಮಣ್ಣಿನ ಕಥೆ ಅಂತಲೂ ಕಾಣುತ್ತದೆ. ಕಡಲೆಕಾಯಿಗೆ ನೀರು ನಿಲ್ಲದ, ಸಡಿಲವಾದ ಕೆಂಪು ಮಣ್ಣು ಬೇಕು. ಭತ್ತದ ಗದ್ದೆ ಕೆರೆ ಕೆಳಗೆ, ಕಡಲೆಕಾಯಿ ಹೊಲ ದಿಣ್ಣೆ ಮೇಲೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಯ ರೈತರು ತಮ್ಮ ನೆಲಕ್ಕೆ ಒಗ್ಗಿದ್ದನ್ನು ಬೆಳೆದರು. ಆ ಹೊಲಗಳು ಹೋಗಿ ನೂರು ವರ್ಷದ ಮೇಲಾಯಿತು. ಆದರೂ ಪ್ರತಿ ವರ್ಷ ಕಾರ್ತಿಕದ ಕಡೇ ಸೋಮವಾರ ರಸ್ತೆಯ ಎರಡೂ ಕಡೆ ಕಡಲೆಕಾಯಿ ರಾಶಿ ಬೀಳುತ್ತದೆ. ಮಾಗಡಿಯಿಂದ, ಚಿಂತಾಮಣಿಯಿಂದ, ಆಂಧ್ರ, ತಮಿಳುನಾಡಿನಿಂದ ಮೂಟೆ ಬರುತ್ತವೆ. ನಾವು ಸೇರಿನ ಲೆಕ್ಕದಲ್ಲಿ ಕೊಂಡು ತರುತ್ತೇವೆ. ಈ ವಾರ್ಡಿನ ನೆಲ ಎಂಥದ್ದಾಗಿತ್ತು ಅಂತ ವರ್ಷಕ್ಕೊಮ್ಮೆಯಾದರೂ ನೆನಪಿಸುವುದು ಆ ಪರಿಷೆಯೇ.

ಹೊಲ ಬಡಾವಣೆಯಾದದ್ದು ಪ್ಲೇಗಿನಿಂದ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಸಾವಿರಾರು ಜನ ಸತ್ತರು. ಇಲಿ ಬಿದ್ದ ಮನೆ ಬಿಟ್ಟು ಜನ ಬಯಲಿಗೆ ಓಡಿದರು. ಪ್ಲೇಗ್ ಕಮಿಷನರ್ ಆಗಿದ್ದ ವಿ.ಪಿ. ಮಾಧವರಾವ್ ಮುಂದೆ ಮೈಸೂರಿನ ದಿವಾನರೂ ಆದರು. ಆ ಭಯದ ಹೊತ್ತಿನಲ್ಲಿ ಬಸವನಗುಡಿ, ಮಲ್ಲೇಶ್ವರ ಎರಡೂ ಜೊತೆಯಾಗಿ ಎದ್ದವು. ಅಗಲ ರಸ್ತೆ, ಮನೆ ಸುತ್ತ ಗಾಳಿ ಬೆಳಕಿಗೆ ಜಾಗ, ಮನೆಗಳ ಹಿಂದೆ ಕನ್ಸರ್ವೆನ್ಸಿ ಸಂದಿ. ಆ ಸಂದಿಗಳು ಇವತ್ತಿಗೂ ಕೆಲವು ಕಡೆ ಉಳಿದಿವೆ. ಬೇರೆ ಕಡೆ ಮುಚ್ಚಿ ಶೆಡ್ ಕಟ್ಟಿಕೊಂಡಿದ್ದಾರೆ.

ಈ ಸಂದಿಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಅವು ಮಲ ಹೊರುವವರು ಓಡಾಡಲಿ ಅಂತ ಮಾಡಿದ ದಾರಿಗಳು. ಮುಂಬಾಗಿಲಿಗೆ ಅವರು ಬರಬಾರದು, ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗಬೇಕು. ಸೈಟುಗಳನ್ನೂ ಆಗ ಜಾತಿ ನೋಡಿಯೇ ಹಂಚಿದ್ದರು. ನಮ್ಮ ಬಡಾವಣೆ ಎಷ್ಟು ಚೆನ್ನಾಗಿ ಯೋಜನೆ ಮಾಡಿದ್ದು ಅಂತ ಹೆಮ್ಮೆಪಡುವ ನಾವು ಇದನ್ನು ಬಿಟ್ಟು ಹೇಳಿದರೆ ಅದು ಅರ್ಧ ಸತ್ಯ. ನಮ್ಮ ಮನೆಯ ಹಿಂದಿನ ಸಂದಿ ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಆಮೇಲಿನ ಕಥೆ ಎಲ್ಲರೂ ಬರೆಯುತ್ತಾರೆ. ಬುಲ್ ಟೆಂಪಲ್ ರಸ್ತೆಯ ರಾಮಕೃಷ್ಣ ಆಶ್ರಮ, 1911ರಲ್ಲಿ ಅಲ್ಲಿಗೆ ಬಂದಿದ್ದ ಶಾರದಾದೇವಿ. ನ್ಯಾಷನಲ್ ಕಾಲೇಜು. 1943ರ ವಿದ್ಯಾರ್ಥಿ ಭವನ. ಡಿ.ವಿ.ಜಿ. 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ಸಂಸ್ಥೆ. ಅದೇ ವರ್ಷ ಬಿ.ಪಿ. ವಾಡಿಯಾ ಶುರುಮಾಡಿದ ವಿಶ್ವ ಸಂಸ್ಕೃತಿ ಸಂಸ್ಥೆ. ಗಾಂಧಿ ಬಜಾರಿನಲ್ಲಿ ಕೋಟು ಪೇಟ ಹಾಕಿಕೊಂಡು ನಡೆದುಹೋಗುತ್ತಿದ್ದ ಸಾಹಿತಿಗಳು. ಇವೆಲ್ಲ ನನಗೂ ಪ್ರೀತಿಯೇ. ಆದರೆ ಗಾಂಧಿ ಬಜಾರಿನ ಸುತ್ತ ಹಿಂದೆ ಕಾರಂಜಿ ಕೆರೆ ಇತ್ತು ಅನ್ನುವುದನ್ನು ಎಷ್ಟು ಜನ ಹೇಳುತ್ತಾರೆ? ಕಾರಂಜಿ ಆಂಜನೇಯನ ಗುಡಿಗೆ ದಿನಾ ಹೋಗುವವರೂ ಆ ಹೆಸರು ಎಲ್ಲಿಂದ ಬಂತು ಅಂತ ಕೇಳುವುದಿಲ್ಲ. ಕೆರೆ ಹೋಯಿತು, ಹೆಸರು ಆಂಜನೇಯನ ಹತ್ತಿರ ಉಳಿಯಿತು. ಕೆರೆ ಹೋದರೂ ತಗ್ಗು ಹೋಗುವುದಿಲ್ಲ. ಜೋರು ಮಳೆ ಬಂದಾಗ ನೀರು ತನ್ನ ಹಳೇ ಜಾಗ ಹುಡುಕಿಕೊಂಡು ಬರುತ್ತದೆ.

ಈಗ ವಾರ್ಡಿನ ವಿಷಯಕ್ಕೆ ಬರುತ್ತೇನೆ.

ಬೆಂಗಳೂರಿಗೆ ಮುನಿಸಿಪಾಲಿಟಿ ಬಂದದ್ದು 1862ರಲ್ಲಿ. ಪೇಟೆಗೆ ಒಂದು, ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ, ಒಂದು. 1949ರಲ್ಲಿ ಎರಡೂ ಕೂಡಿ ಕಾರ್ಪೊರೇಷನ್ ಆಯಿತು. ಆಗ 50 ವಿಭಾಗ, 70 ಸದಸ್ಯರು. ಮುಂದೆ ಊರು ಬೆಳೆದ ಹಾಗೆ ವಾರ್ಡೂ ಬೆಳೆದವು. 1995ರ ಹೊತ್ತಿಗೆ 100. 2007ರಲ್ಲಿ ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, ಅಂದರೆ ಬಿಬಿಎಂಪಿ ಮಾಡಿದರು. ಆಮೇಲೆ 198. ಆ ಪಟ್ಟಿಯಲ್ಲಿ ಬಸವನಗುಡಿ 154ನೇ ವಾರ್ಡ್. ಹನುಮಂತನಗರ 155. ಸುಂಕೇನಹಳ್ಳಿ ಮಾತ್ರ 142. ತಾಯಿ ಊರಿಗೂ ಅದರ ಹೊಲದ ಮೇಲೆ ಎದ್ದ ಬಡಾವಣೆಗೂ ನಡುವೆ ಹನ್ನೆರಡು ನಂಬರಿನ ಅಂತರ!

ಆ 198 ವಾರ್ಡುಗಳಿಗೆ ನಾವು ಎರಡು ಸಲ ಓಟು ಹಾಕಿದೆವು, 2010ರಲ್ಲಿ ಮತ್ತು 2015ರಲ್ಲಿ. ಕೊನೆಯ ಕಾರ್ಪೊರೇಟರುಗಳ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅಲ್ಲಿಂದ ಐದು ವರ್ಷ ದಾಟುವವರೆಗೂ ಚುನಾವಣೆ ಆಗಲೇ ಇಲ್ಲ. ಆದರೆ ಗೆರೆ ಎಳೆಯುವ ಕೆಲಸ ನಿಲ್ಲಲಿಲ್ಲ. 2022ರಲ್ಲಿ 243 ವಾರ್ಡ್ ಅಂದರು. 2023ರಲ್ಲಿ 225 ಅಂದರು. 2025ರಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆ ಆದವು. ಈಗ ಐದಕ್ಕೂ ಸೇರಿ 369. ಓಟು ಒಂದೂ ಇಲ್ಲ, ಗೆರೆ ಮಾತ್ರ ಮೂರು ಸಲ. ಒಂದು ವಾರ್ಡಿನ ಜನಕ್ಕೆ ತಮ್ಮ ವಾರ್ಡ್ ಯಾವುದು ಅಂತಲೇ ಗೊತ್ತಿಲ್ಲದ ಹಾಗೆ ಆದರೆ, ಮೋರಿ ಕಟ್ಟಿದಾಗ ಅವರು ಯಾರ ಬಾಗಿಲು ತಟ್ಟಬೇಕು?

ವಾರ್ಡುಗಳಲ್ಲಿ ಜನಸಂಖ್ಯೆ ಹೆಚ್ಚುಕಮ್ಮಿ ಸಮ ಇರಬೇಕು ಅನ್ನುವುದನ್ನು ನಾನು ಒಪ್ಪುತ್ತೇನೆ. ಇಲ್ಲದಿದ್ದರೆ ಒಬ್ಬರ ಓಟಿಗೆ ಬೆಲೆ ಜಾಸ್ತಿ, ಇನ್ನೊಬ್ಬರದಕ್ಕೆ ಕಮ್ಮಿ ಆಗುತ್ತದೆ. ಆದರೆ ಲೆಕ್ಕ ಹಾಕಿರುವುದು 2011ರ ಜನಗಣತಿ ಹಿಡಿದು. ತಲೆ ಎಣಿಸಿ, ರಸ್ತೆ ನೋಡಿ ಗೆರೆ ಎಳೆದಿದ್ದಾರೆ. ಕಾಗದದ ಮೇಲೆ ದೊಡ್ಡ ರಸ್ತೆ ಒಳ್ಳೆಯ ಗಡಿ. ನೆಲದ ಮೇಲೆ ಹಾಗಲ್ಲ. ರಸ್ತೆ ಅನ್ನುವುದು ಎರಡೂ ಬದಿಯ ಮನೆಗಳನ್ನು ಸೇರಿಸುತ್ತದೆ. ಒಂದೇ ಅಂಗಡಿ, ಒಂದೇ ಬಸ್ ಸ್ಟಾಪು, ಒಂದೇ ಮೋರಿ. ಅದರ ನಡುವೆ ಗೆರೆ ಎಳೆದರೆ ನಮ್ಮ ಬೀದಿಗೆ ಆದದ್ದೇ ಆಗುವುದು. ನಿಜವಾದ ಗಡಿ ದಿಣ್ಣೆಯ ನೆತ್ತಿಯಲ್ಲಿದೆ. ಅಲ್ಲಿ ನೀರೇ ಎರಡು ಭಾಗ ಆಗುತ್ತದೆ.

ಒಂದು ವಿಷಯ ನನಗೆ ತುಂಬಾ ಆಶ್ಚರ್ಯ ತಂದಿತು. ಹೊಸ ವ್ಯವಸ್ಥೆಯಲ್ಲಿ ಬಸವನಗುಡಿ ಬೆಂಗಳೂರು ಪಶ್ಚಿಮ ನಗರ ಪಾಲಿಕೆಗೆ ಸೇರಿದೆ. ನಮ್ಮಲ್ಲಿ ಎಷ್ಟೋ ಜನ ಬೇಜಾರು ಮಾಡಿಕೊಂಡರು. ಹುಟ್ಟಿದಾಗಿನಿಂದ ನಾವು ಸೌತ್‌ನವರು, ಲೋಕಸಭೆಗೆ ಈಗಲೂ ಬೆಂಗಳೂರು ದಕ್ಷಿಣ, ಇದೇನು ಪಶ್ಚಿಮ ಅಂತ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆಮೇಲೆ ನಕ್ಷೆ ಹರಡಿಕೊಂಡು ನೋಡಿದೆ. ಮಲ್ಲೇಶ್ವರವೂ ಪಶ್ಚಿಮಕ್ಕೇ ಸೇರಿದೆ. ಅಂದರೆ ವೃಷಭಾವತಿಯ ಎರಡೂ ಬಸವಂದಿರು ಈಗ ಒಂದೇ ಪಾಲಿಕೆಯಲ್ಲಿದ್ದಾರೆ. ಪ್ಲೇಗಿನಲ್ಲಿ ಜೊತೆಗೆ ಹುಟ್ಟಿದ ಎರಡು ಬಡಾವಣೆಗಳೂ ಜೊತೆಯಾಗಿವೆ. ಇದನ್ನು ಯಾರೂ ಹೊಳೆ ನೋಡಿ ಮಾಡಿದ್ದಲ್ಲ, ವಿಧಾನಸಭಾ ಕ್ಷೇತ್ರಗಳನ್ನು ಜೋಡಿಸುವಾಗ ಹೀಗೆ ಆಗಿದೆ. ಆದರೆ ಬಂದ ಅವಕಾಶ ಬಂದೇ ಬಂದಿದೆ. ವೃಷಭಾವತಿ ಇವತ್ತು ಕೊಳಚೆ ಹೊತ್ತು ಹರಿಯುತ್ತಿದೆ. ತಲೆಯಿಂದ ಹಿಡಿದು ಮೈಸೂರು ರಸ್ತೆಯವರೆಗೆ ಅದರ ದೊಡ್ಡ ಭಾಗವನ್ನು ಒಂದೇ ಪಾಲಿಕೆ ನೋಡಿಕೊಳ್ಳಬಹುದು ಅನ್ನುವುದು ಸಣ್ಣ ಮಾತಲ್ಲ.

ಹಾಗಾಗಿ ನನ್ನ ಬೇಡಿಕೆ ಗೆರೆಯನ್ನು ಇನ್ನೊಂದು ಸಲ ಎಳೆಯಿರಿ ಅಂತ ಅಲ್ಲ. ದಯವಿಟ್ಟು ಬೇಡ. ಇರುವ ಗೆರೆಯ ಮೇಲೆ ನೀರಿನ ದಾರಿ ಬರೆಯಿರಿ. ಪ್ರತಿ ವಾರ್ಡ್ ಕಚೇರಿಯ ಗೋಡೆಗೆ ಒಂದು ನಕ್ಷೆ ಹಾಕಿ. ಅದರಲ್ಲಿ ಬೀದಿ, ಮೋರಿ, ರಾಜಕಾಲುವೆ, ಯಾವ ಕಡೆ ಇಳಿಜಾರು, ಹಳೇ ಕೆರೆ ಎಲ್ಲಿತ್ತು, ಎಲ್ಲ ಇರಲಿ. ಒಂದೇ ಕಾಲುವೆಗೆ ನೀರು ಬಿಡುವ ವಾರ್ಡುಗಳ ಸಮಿತಿಗಳು ಮಳೆಗಾಲಕ್ಕೆ ಮುಂಚೆ ಒಮ್ಮೆ ಒಟ್ಟಿಗೆ ಕೂರಲಿ. ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನದ 74ನೇ ತಿದ್ದುಪಡಿಯೇ 1992ರಲ್ಲಿ ಹೇಳಿದೆ. ಅದನ್ನು ಸಹಿ ಹಾಕಿ ಟೀ ಕುಡಿದು ಏಳುವ ಸಭೆ ಮಾಡಬೇಡಿ. ಹೊಸದಾಗಿ ಗೆದ್ದು ಬರುವ ಕಾರ್ಪೊರೇಟರಿಗೆ ಹಾರ ಹಾಕುವ ಮೊದಲು ಆ ಕಾಲುವೆಯ ಉದ್ದಕ್ಕೂ ಒಂದು ಸಲ ನಡೆಸಿಕೊಂಡು ಹೋಗಿ ಅಂತ ನಮ್ಮ ನಿವಾಸಿಗಳ ಸಂಘದವರಿಗೂ ಹೇಳಿದ್ದೇನೆ.

ಅವರು ಬರುವವರೆಗೆ ಕಾಯುವುದು ಬೇಡ ಅನ್ನಿಸಿದೆ. ಮುಂದಿನ ಭಾನುವಾರ ಬೆಳಿಗ್ಗೆ ಆರೂವರೆಗೆ ನಾನು, ಪಕ್ಕದ ಮನೆಯ ಅಂಕಲ್, ಅವರ ಮೊಮ್ಮಗ ಮೂವರೂ ಕಹಳೆ ಬಂಡೆಯ ಗೇಟಿನಿಂದ ಹೊರಡುತ್ತೇವೆ. ಗವಿಪುರದ ಮೂಲಕ ಇಳಿಜಾರು ಹಿಡಿದು, ಗವಿ ಗಂಗಾಧರೇಶ್ವರನಿಗೆ ಕೈಮುಗಿದು, ಕೆಂಪಾಂಬುಧಿ ಕೆರೆಯವರೆಗೆ. ಮೋರಿ ಎಲ್ಲೆಲ್ಲಿ ಮುಚ್ಚಿಹೋಗಿದೆ ಅಂತ ಗುರುತು ಹಾಕಿಕೊಳ್ಳುತ್ತೇವೆ. ಹುಡುಗ ಚಾರ್ಟ್ ಶೀಟಿನ ಮೇಲೆ ಈಗಾಗಲೇ ಬೀದಿಗಳನ್ನು ಬರೆದಿಟ್ಟಿದ್ದಾನೆ, ನೀರಿಗೆ ನೀಲಿ ಪೆನ್ಸಿಲ್ ಬೇರೆ ಇಟ್ಟುಕೊಂಡಿದ್ದಾನೆ. ಹನುಮಂತನಗರ, ಶ್ರೀನಗರ, ಗವಿಪುರ ಗುಟ್ಟಹಳ್ಳಿ ಕಡೆಯವರು ಯಾರಾದರೂ ಬರುವುದಾದರೆ ಕಾಮೆಂಟಿನಲ್ಲಿ ಹೇಳಿ. ನಿಮ್ಮ ಬೀದಿಯ ನೀರು ಯಾವ ಕಡೆ ಇಳಿಯುತ್ತದೆ ಅಂತ ಬರುವಾಗ ನೋಡಿಕೊಂಡು ಬನ್ನಿ.