ಹೇಳಬೇಡಿ, ಹೆಚ್ಚಿ ಕೊಡಿ

ಮನಸ್ಸು ಸರಿಯಿಲ್ಲ ಅಂತ ಯಾರಾದರೂ ಬಾಯಿ ಬಿಟ್ಟರೆ ನಾವು ಕೊಡುವ ಬುದ್ಧಿಮಾತುಗಳಲ್ಲಿ 'ಹಣ್ಣು ತರಕಾರಿ ಚೆನ್ನಾಗಿ ತಿನ್ನು' ಅನ್ನೋದೂ ಒಂದು. ಮಾತು ಸರಿಯೇ. ಆದರೆ ಬರೀ ಹೇಳಿದರೆ ಸಾಲದು ಅಂತ ನಾನು ನಂಬಿದ್ದೇನೆ, ಅದಕ್ಕೆ ಕಾರಣವೂ ಇದೆ.

ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ಟ್ಯಾಮ್ಲಿನ್ ಕಾನರ್ ಮತ್ತು ಸಂಗಡಿಗರು 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 18ರಿಂದ 25 ವಯಸ್ಸಿನ 171 ಹುಡುಗ ಹುಡುಗಿಯರು, ಎರಡು ವಾರ, ಮೂರು ಗುಂಪು. ಒಂದು ಗುಂಪು ಎಂದಿನಂತೆಯೇ ಊಟ ಮಾಡಿತು. ಎರಡನೆಯದಕ್ಕೆ ಹಣ್ಣು ತರಕಾರಿ ಕೊಳ್ಳಲು ಕೂಪನ್ ಕೊಟ್ಟು, ಮೊಬೈಲಿಗೆ ದಿನವೂ ನೆನಪಿನ ಮೆಸೇಜ್ ಕಳಿಸಿದರು. ಮೂರನೆಯ ಗುಂಪಿನವರಿಗೆ ಕ್ಯಾರೆಟ್, ಸೇಬಿನಂಥ ತಾಜಾ ಪದಾರ್ಥಗಳನ್ನೇ ಕೈಗಿತ್ತರು. ಉತ್ಸಾಹ, ಲವಲವಿಕೆ ಹೆಚ್ಚಿದ್ದು ಈ ಮೂರನೆಯವರಲ್ಲಿ ಮಾತ್ರ. ಖಿನ್ನತೆಯ ಲಕ್ಷಣಗಳು ಆ ಎರಡು ವಾರದಲ್ಲಿ ಯಾರಲ್ಲೂ ಕಡಿಮೆಯಾಗಲಿಲ್ಲ, ಅದನ್ನೂ ಹೇಳಿಬಿಡಬೇಕು.

ಖಿನ್ನತೆಯ ಮಾತು ಬಂದರೆ ಆಸ್ಟ್ರೇಲಿಯಾದ ಫೆಲಿಸ್ ಜಾಕಾ ತಂಡದ 'ಸ್ಮೈಲ್ಸ್' ಪ್ರಯೋಗ ನೋಡಬೇಕು. ಅದೂ 2017ರದ್ದೇ. ಖಿನ್ನತೆಯಿದ್ದ 67 ಜನ, 12 ವಾರ. ಆಹಾರತಜ್ಞರ ಜೊತೆ ಕೂತು ತರಕಾರಿ, ಹಣ್ಣು, ಕಾಳು, ಇಡಿಧಾನ್ಯದ ಕಡೆ ಊಟ ತಿರುಗಿಸಿಕೊಂಡವರಲ್ಲಿ ಶೇ. 32ರಷ್ಟು ಮಂದಿ ಖಿನ್ನತೆಯಿಂದ ಹೊರಬಂದರು. ಬರೀ ಮಾತುಕತೆ, ಒಡನಾಟ ಸಿಕ್ಕವರಲ್ಲಿ ಶೇ. 8. ಪ್ರಯೋಗ ಚಿಕ್ಕದು. ಹೆಚ್ಚಿನವರು ಚಿಕಿತ್ಸೆಯನ್ನೂ ಪಡೆಯುತ್ತಿದ್ದರು. ಹಾಗಾಗಿ ಸೊಪ್ಪು ತಿಂದು ಮಾತ್ರೆ ಬಿಡಿ ಅನ್ನುವವರ ಮಾತು ದಯವಿಟ್ಟು ಕೇಳಬೇಡಿ. ಮನಸ್ಸು ತೀರಾ ಕುಸಿದಿದ್ದರೆ 14416ಕ್ಕೆ ಕರೆ ಮಾಡಿ, ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ.

ಒಳಗೆ ಏನಾಗುತ್ತದೆ? ಸೊಪ್ಪಿನಲ್ಲಿರುವ ಫೋಲೇಟ್ ಅನ್ನುವ ಬಿ ವಿಟಮಿನ್ ಮಿದುಳಿನ ರಾಸಾಯನಿಕಗಳ ತಯಾರಿಗೆ ಬೇಕು. ನಾರನ್ನು ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ, ಉರಿಯೂತ ತಗ್ಗಿಸುವ ಆಮ್ಲಗಳನ್ನು ಮಾಡುತ್ತವೆ. ಪೂರ್ತಿ ಚಿತ್ರ ವಿಜ್ಞಾನಿಗಳಿಗೂ ಇನ್ನೂ ಸಿಕ್ಕಿಲ್ಲ.

ನನಗೆ ಸಂಕಟವಾಗೋದು ಬೆಂಗಳೂರಿನ ಪಿಜಿಗಳಲ್ಲಿರುವ ಮಕ್ಕಳನ್ನು ನೆನೆದಾಗ. ಬೆಳಿಗ್ಗೆ ಚಿತ್ರಾನ್ನ, ರಾತ್ರಿ ಅನ್ನ, ಆಲೂಗಡ್ಡೆ ಪಲ್ಯ, ನೀರು ಸಾಂಬಾರು. ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಬೇಕು ಅನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ಆ ತಟ್ಟೆಯಲ್ಲಿ ಅದೆಲ್ಲಿಂದ ಬರಬೇಕು? ಅದೂ ಬೆರಕೆ ಸೊಪ್ಪಿನ ಸಾರು, ದಂಟಿನ ಸೊಪ್ಪಿನ ಬಸ್ಸಾರು, ಮೆಂತ್ಯ ಸೊಪ್ಪಿನ ಪಲ್ಯ ಉಂಡು ಬೆಳೆದ ಮಕ್ಕಳು ಇವರು! ಊರಿಂದ ಫೋನಿನಲ್ಲಿ 'ಹಣ್ಣು ತಿನ್ನು ಮಗಾ' ಅಂದರೆ 'ಹೂಂ' ಅಂತಾರೆ, ಅಷ್ಟೇ.

ಮನಸ್ಸು ಕುಗ್ಗಿದವರಿಗೆ ಎದ್ದು ಮುಖ ತೊಳೆಯುವುದೇ ಬೆಟ್ಟ ಹತ್ತಿದಂತೆ. ಅವರು ಮಾರ್ಕೆಟ್ಟಿಗೆ ಹೋಗಿ, ಸೊಪ್ಪು ಬಿಡಿಸಿ, ಒಗ್ಗರಣೆ ಹಾಕಲಿ ಅಂತ ಕಾಯೋದು ನ್ಯಾಯವಲ್ಲ. ಪರಂಗಿ ಹಣ್ಣು ಹೆಚ್ಚಿ ತಟ್ಟೆಯಲ್ಲಿಟ್ಟು ಪಕ್ಕದಲ್ಲಿ ಕೂತುಕೊಳ್ಳಿ. ಸೀಬೆಹಣ್ಣಿಗೆ ಉಪ್ಪು ಖಾರ ಹಚ್ಚಿ ಕೊಡಿ. ತಿಂದರಾ ಅಂತ ಪರೀಕ್ಷೆ ಮಾಡಬೇಡಿ.

ಪಿಜಿ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ನನ್ನದೊಂದು ಕೋರಿಕೆ: ರಾತ್ರಿ ಊಟಕ್ಕೆ ಸೌತೆಕಾಯಿ ಕೋಸಂಬರಿ ಇಡಿ, ವಾರಕ್ಕೆ ಎರಡು ದಿನವಾದರೂ ಸೊಪ್ಪಿನ ಸಾರು ಮಾಡಿ. ಖರ್ಚು ಹೆಚ್ಚಾದರೆ ಮಕ್ಕಳನ್ನೇ ಕೇಳಿ ನೋಡಿ, ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕೊಡಲು ತಯಾರಿರುವವರು ಇರುತ್ತಾರೆ.