ನಾಟಿ ಸೆಂಟು

ತಂಗಿ ದುಬೈಯಿಂದ ಬರುವಾಗ ನನಗೊಂದು ಸೆಂಟಿನ ಬಾಟಲಿ ತಂದಳು. ಅಂಗೈಯಲ್ಲಿ ಹಿಡಿಸುವಷ್ಟು ಚೌಕ ಬಾಟಲಿ, ಒಳಗೆ ಜೇನಿನ ಬಣ್ಣದ ನೀರು. "ಅಕ್ಕಾ, ಇದು ಹೂವಿನ ಥರದ್ದಲ್ಲ. ನಟ್ಟಿ ಪರ್ಫ್ಯೂಮ್. ಎಷ್ಟು ಎಲಿಗೆಂಟ್ ಆಗಿದೆ ನೋಡು, ದಿನಾ ಆಫೀಸಿಗೆ ಹಾಕ್ಕೊಂಡು ಹೋಗು" ಅಂದಳು. ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದ ಅಮ್ಮನ ಕಿವಿಗೆ ಮಾತು ಅರ್ಧ ಬಿತ್ತು.

"ನಾಟಿ ಸೆಂಟಾ? ದುಬೈನಲ್ಲಿ ನಾಟಿದು ಎಲ್ಲಿ ಸಿಗತ್ತೆ?"

ಅಮ್ಮನಿಗೆ ನಾಟಿ ಅಂದರೆ ಗೌರವ. ನಾಟಿ ಟೊಮೆಟೊ, ನಾಟಿ ಹಸುವಿನ ಹಾಲು, ನಾಟಿ ಕೊತ್ತಂಬರಿ ಸೊಪ್ಪು. ಹಾಗಾಗಿ ಬಾಟಲಿಯನ್ನು ಕೈಯಲ್ಲಿ ಹಿಡಿದು ಮರ್ಯಾದೆಯಿಂದಲೇ ಮೂಸಿ ನೋಡಿದಳು. "ಬಾದಾಮಿ ಹಾಲು ಉಕ್ಕಿದ ಹಾಗಿದೆ" ಅಂದು ವಾಪಸ್ ಕೊಟ್ಟಳು. ಅಂದಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ನಾಟಿ ಸೆಂಟು ಅಂತಲೇ ಹೆಸರು.

ಅಮ್ಮನಿಗೆ ಬಿಡಿಸಿ ಹೇಳೋಣ ಅಂತ ಹೊರಟರೆ ನನಗೇ ಮಾತು ಸಿಗಲಿಲ್ಲ. ಕನ್ನಡದಲ್ಲಿ ನಟ್ ಅಂದರೆ ಬೋಲ್ಟಿನ ಜೊತೆ ಬರುವಂಥದ್ದು. ಗೋಡಂಬಿ, ಬಾದಾಮಿ, ಪಿಸ್ತಾ, ಅಕ್ರೋಟು ಎಲ್ಲಕ್ಕೂ ಅವುಗಳದೇ ಹೆಸರಿದೆ, ಆದರೆ ಅಷ್ಟನ್ನೂ ಸೇರಿಸಿ ಕರೆಯಲು ಸರಿಯಾದ ಮಾತಿಲ್ಲ. ಡ್ರೈ ಫ್ರೂಟ್ಸ್ ಅಂದರೆ ಒಣದ್ರಾಕ್ಷಿಯೂ ಖರ್ಜೂರವೂ ಬಂದು ಸೇರಿಕೊಳ್ಳುತ್ತವೆ. ಬೀಜ ಅಂದರೆ ಹಲಸಿನ ಬೀಜವೂ ಬರುತ್ತದೆ. ಕೊನೆಗೆ "ಬೀಜ ಹುರಿದ ಘಮ ಅಮ್ಮಾ" ಅಂದೆ.

ಘಮ ಅನ್ನುವ ಮಾತಿನಲ್ಲಿ ಒಂದು ಅನುಕೂಲ ಇದೆ. ಮಲ್ಲಿಗೆ ದಂಡೆಯೂ ಘಮಘಮ, ತುಪ್ಪ ಬಿಡುತ್ತಿರುವ ಮೈಸೂರು ಪಾಕೂ ಘಮಘಮ. ಮೂಗಿಗೆ ಅಡುಗೆಮನೆ ಬೇರೆ, ನಡುಮನೆ ಬೇರೆ ಅಂತ ನಾವು ಗೋಡೆ ಕಟ್ಟಿಲ್ಲ. ಆದರೆ ಅದು ಮೈಗೆ ಹತ್ತಿದರೆ ಮಾತ್ರ ಲೆಕ್ಕ ಬದಲಾಗುತ್ತದೆ. ನಾವು ಚಿಕ್ಕವರಿದ್ದಾಗ ಮದುವೆಗೋ ನಾಮಕರಣಕ್ಕೋ ಹೊರಡುವ ಮುಂಚೆ ಅಮ್ಮ ಕಡಲೆಹಿಟ್ಟು ಹಚ್ಚಿ ಮೊಣಕೈವರೆಗೂ ತೊಳೆದುಕೊಳ್ಳುತ್ತಿದ್ದಳು. ಆಮೇಲೆ ಬೆರಳು ಮೂಸಿ ನೋಡಿ, ಇನ್ನೂ ಇಂಗು ಬಂದರೆ ಮತ್ತೊಮ್ಮೆ ತೊಳೆಯುತ್ತಿದ್ದಳು. "ಒಗ್ಗರಣೆ ವಾಸನೆ ಹೊತ್ಕೊಂಡು ನಾಲ್ಕು ಜನರ ಮಧ್ಯೆ ಹೋಗೋದಾ?" ಅನ್ನೋದು ಅವಳ ಮಾತು. ಒಲೆಯ ಮುಂದಿನ ಮೂರು ಗಂಟೆಯನ್ನು ಮೈಯಿಂದ ತೊಳೆದು ಹಾಕಿದ ಮೇಲೇ ಮಲ್ಲಿಗೆ ಮುಡಿಯುವುದು. ಅಂಥವಳ ಮಗಳು ಈಗ ಬೀಜ ಹುರಿದ ವಾಸನೆಯನ್ನು ದುಡ್ಡು ಕೊಟ್ಟು ತರಿಸಿಕೊಂಡು ಕತ್ತಿಗೆ ಹಾಕಿಕೊಳ್ಳುತ್ತಾಳೆ ಅಂದರೆ! "ಕಡಲೆಬೀಜ ಹುರಿದ ಮೇಲೆ ಕೈ ತೊಳ್ಕೊಳ್ಳದೇ ಹೋಗಿದ್ರೆ ಇದೇ ಬಿಟ್ಟಿ ಸಿಗ್ತಿತ್ತಲ್ವೇನೆ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೊದಲ ದಿನ ಎರಡೇ ಸಲ ಪುಸ್ ಪುಸ್ ಅನ್ನಿಸಿಕೊಂಡು ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಹೆಂಗಸು ಎರಡು ಸ್ಟಾಪು ಸುಮ್ಮನಿದ್ದರು. ಆಮೇಲೆ ತಮ್ಮ ಬ್ಯಾಗಿನ ಜಿಪ್ಪು ಎಳೆದು ಒಳಗೆ ನೋಡಿದರು. ಟಿಫಿನ್ ಡಬ್ಬಿಯ ಮುಚ್ಚಳ ಒಂದಿಷ್ಟು ಎತ್ತಿ, ಮೂಸಿ, ಮತ್ತೆ ಮುಚ್ಚಿದರು. ಮುಖದಲ್ಲಿ ಸ್ವಲ್ಪ ನಿರಾಸೆ ಕಂಡಿತು. ಡಬ್ಬಿಯಲ್ಲಿ ಚಿತ್ರಾನ್ನವೇ ಇತ್ತು ಅಂತ ಕಾಣುತ್ತೆ.

ಆಫೀಸಿನಲ್ಲಿ ಹನ್ನೊಂದೂವರೆಗೆ ಬಾಗಲಕೋಟೆ ಕಡೆಯ ಸಹೋದ್ಯೋಗಿ ಕುರ್ಚಿ ಬಿಟ್ಟೆದ್ದರು. "ಮೇಡಂ, ಯಾರೋ ಶೇಂಗಾ ಹೋಳಿಗಿ ತಂದಾರ ನೋಡ್ರಿ. ತಂದು ಮುಚ್ಚಿಟ್ಟಾರ" ಅಂದರು. ಕಾಫಿ ಮೆಷಿನ್ ಹತ್ತಿರ ಹುಡುಕಿದರು, ಫ್ರಿಜ್ಜು ತೆಗೆದು ನೋಡಿದರು. ನಾನು ಕಂಪ್ಯೂಟರಿನ ಪರದೆ ಬಿಟ್ಟು ಕಣ್ಣು ಕದಲಿಸಲಿಲ್ಲ. ಪತ್ತೇದಾರಿ ಕಥೆ ಓದುವ ಇನ್ನೊಬ್ಬರು, "ಸೈನೈಡಿಗೂ ಬಾದಾಮಿ ವಾಸನೆಯಂತೆ, ಹುಷಾರು" ಅಂತ ಎಲ್ಲರನ್ನೂ ಹೆದರಿಸಿದರು. ಮಲ್ಲಿಗೆಯ ಸೆಂಟೋ ಗುಲಾಬಿಯ ಅತ್ತರೋ ಆಗಿದ್ದರೆ ನೇರ ನನ್ನ ಹತ್ತಿರವೇ ಬಂದು "ಯಾವುದು ಇದು?" ಅಂತ ಕೇಳಿರುತ್ತಿದ್ದರು. ಇದರಲ್ಲಿ ಯಾರಿಗೂ ನನ್ನ ಮೇಲೆ ಅನುಮಾನ ಬರುವುದಿಲ್ಲ. ಸುಮ್ನೆ ಹಸಿವಾಗುತ್ತದೆ, ಅಷ್ಟೇ.

ಸೈನೈಡಿನ ಮಾತು ಪೂರ್ತಿ ಸುಳ್ಳಲ್ಲ. ಬಾದಾಮಿಯಲ್ಲಿ ಕಹಿ ಜಾತಿ ಅಂತ ಒಂದಿದೆ. ಅದನ್ನು ಅರೆದು ನೀರಿನಲ್ಲಿ ನೆನೆಸಿದರೆ ಎರಡು ವಸ್ತು ಹುಟ್ಟುತ್ತವೆ. ಒಂದು ಬೆಂಜಾಲ್ಡಿಹೈಡ್, ಇನ್ನೊಂದು ಸೈನೈಡಿನ ವಿಷ. ಸೆಂಟು ಮಾಡುವವರು ವಿಷ ತೆಗೆದು ಮೊದಲನೆಯದನ್ನು ಇಟ್ಟುಕೊಳ್ಳುತ್ತಾರೆ. ಅಂಗಡಿಯ ಬಾದಾಮಿ ಎಸೆನ್ಸಿನಲ್ಲಿ ಇರುವುದೂ ಮುಖ್ಯವಾಗಿ ಇದೇ ಬೆಂಜಾಲ್ಡಿಹೈಡ್. ಅಮ್ಮನ ಮೂಗು ಬಾದಾಮಿ ಹಾಲು ಅಂದದ್ದು ಎಷ್ಟು ಸರಿ ನೋಡಿ.

ನಾವು ತಿನ್ನುವ ಸಿಹಿ ಬಾದಾಮಿಯಲ್ಲಿ ಇದೆಲ್ಲ ಇದೆಯಾ ಅಂತ ಒಂದು ಬೆಳಗ್ಗೆ ಪರೀಕ್ಷೆ ಮಾಡಿದೆ. ರಾತ್ರಿ ನೆನೆಸಿಟ್ಟದ್ದರಲ್ಲಿ ಒಂದನ್ನು ಚಿವುಟಿದೆ. ಸಿಪ್ಪೆ ಪುಳಕ್ಕನೆ ಜಾರಿತು. ಬೆಳ್ಳಗಿನ ಬೀಜವನ್ನು ಮಣಿಕಟ್ಟಿಗೆ ಚೆನ್ನಾಗಿ ಉಜ್ಜಿ ಮೂಸಿದೆ. ಒದ್ದೆ ಹಲಗೆಯ ಥರ ಏನೋ ಒಂದು ಸಣ್ಣ ವಾಸನೆ, ಅದೂ ಎರಡು ನಿಮಿಷ. ಬೀಜದೊಳಗಿನ ಎಣ್ಣೆ ಜಿಡ್ಡು, ಅದು ಆವಿಯಾಗಿ ಮೂಗಿಗೆ ಹಾರಿ ಬರುವಂಥದ್ದಲ್ಲ. ಘಮ ಬರಬೇಕಾದರೆ ಬಾಣಲೆಗೆ ಬೀಳಲೇಬೇಕು. ಬಿಸಿಗೆ ಬೀಜದ ಸಕ್ಕರೆಯೂ ಪ್ರೋಟೀನಿನ ತುಣುಕುಗಳೂ ಒಂದಕ್ಕೊಂದು ಬೆರೆತು, ಕಂದು ಬಣ್ಣದ ಜೊತೆಗೆ ಪೈರಜೀನ್ ಅನ್ನುವ ವಸ್ತುಗಳು ಹುಟ್ಟುತ್ತವೆ. ಮೈಯಾರ್ ಎಂಬ ಫ್ರೆಂಚ್ ವಿಜ್ಞಾನಿ 1912ರಲ್ಲಿ ಈ ಬೆರಕೆಯ ಬಗ್ಗೆ ಬರೆದ. ದೋಸೆ ಕೆಂಪಗಾಗುವುದಕ್ಕೂ ಕಾಫಿ ಬೀಜದ ವಾಸನೆಗೂ ಇದೇ ಕಾರಣ. ಪೈರಜೀನ್ ಬಲು ಘಾಟು. ಸೆಂಟಿಗೆ ಇಷ್ಟೇ ಇಷ್ಟು ಹಾಕುತ್ತಾರೆ, ಒಂದು ಚೂರು ಹೆಚ್ಚಾದರೂ ಬೀಜ ಸೀದ ವಾಸನೆ.

ನನ್ನ ಬಾಟಲಿಯಲ್ಲಿ ಟೊಂಕಾ ಬೀಜವೂ ಇದೆಯಂತೆ. ದಕ್ಷಿಣ ಅಮೆರಿಕದ ಕಾಡಿನ ಮರದ್ದು, ಕಪ್ಪಗೆ ಸುಕ್ಕುಗಟ್ಟಿದ ಬೀಜ. ಅದರ ವಾಸನೆಯ ಜೀವ ಕುಮರಿನ್. ಪರ್ಕಿನ್ ಎಂಬ ಇಂಗ್ಲಿಷ್ ರಸಾಯನಶಾಸ್ತ್ರಜ್ಞ 1868ರಲ್ಲೇ ಇದನ್ನು ಪ್ರಯೋಗಶಾಲೆಯಲ್ಲಿ ಮಾಡಿದ. 1882ರಲ್ಲಿ ಪ್ಯಾರಿಸಿನ ಒಂದು ಹೆಸರಾಂತ ಸೆಂಟಿನೊಳಗೂ ಅದು ಸೇರಿತು. ಆಗಷ್ಟೇ ಒಣಗಿದ ಹುಲ್ಲಿನ ಸಿಹಿ ವಾಸನೆಗೂ ಇದೇ ಕುಮರಿನ್ ಕಾರಣ. ನನಗೆ ಖುಷಿ ಕೊಟ್ಟ ವಿಷಯ ಬೇರೆ. ಟೊಂಕಾ ಮರ ದ್ವಿದಳ ಧಾನ್ಯಗಳ ಕುಟುಂಬದ್ದು, ಕಡಲೆಕಾಯಿಯೂ ಅದೇ ಕುಟುಂಬದ್ದು. ಎರಡರ ತವರೂ ದಕ್ಷಿಣ ಅಮೆರಿಕ. ಒಬ್ಬಳು ಪ್ಯಾರಿಸಿಗೆ ಸೊಸೆಯಾಗಿ ಹೋದಳು, ಇನ್ನೊಬ್ಬಳು ಚಳ್ಳಕೆರೆಗೆ ಬಂದಳು.

ಸೆಂಟು ಹಾಕಿಕೊಳ್ಳುವುದರಲ್ಲಿ ನಾನು ದಡ್ಡತನ ಮಾಡಿದ್ದೂ ಉಂಟು. ವರಮಹಾಲಕ್ಷ್ಮಿ ಹಬ್ಬದ ದಿನ ರೇಷ್ಮೆ ಸೀರೆಯ ಸೆರಗಿಗೇ ಹೊಡೆದೆ. ಒಂದು ರೂಪಾಯಿ ನಾಣ್ಯದಗಲ ಕಲೆ ನಿಂತಿತು, ಇನ್ನೂ ಇದೆ. ಈಗ ಸೀರೆ ಉಡುವ ಮುಂಚೆ, ಬರೀ ಚರ್ಮಕ್ಕೆ. ಕತ್ತಿನ ಹಿಂದೆ ಒಂದು, ಮಣಿಕಟ್ಟಿಗೆ ಒಂದು, ಮುಗೀತು. ಏಪ್ರಿಲ್ ತಿಂಗಳಲ್ಲಿ ಮುಟ್ಟುವುದೇ ಇಲ್ಲ. ಬಿಸಿಲು, ಬೆವರು, ತುಂಬಿದ ಬಸ್ಸು, ಅದರ ಮೇಲೆ ಈ ಸಿಹಿ. ಪಾಕ ಜಾಸ್ತಿಯಾದ ಬಾದಾಮಿ ಪುರಿಯ ಜೊತೆ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡ ಹಾಗೆ. ಅದಕ್ಕೆ ಸರಿಯಾದ ಕಾಲ ನವೆಂಬರಿನಿಂದ ಜನವರಿ, ಬೆಂಗಳೂರಿನಲ್ಲಿ ಸ್ವೆಟರು ಹೊರಗೆ ಬರುವ ಕಾಲ. ಉಣ್ಣೆಯಲ್ಲಿ ಅದು ಎರಡು ದಿನ ಉಳಿಯುತ್ತದೆ. ಬೆಳಗ್ಗೆ ಹಾಕಿಕೊಂಡಾಗ ಕಾಲು ಗಂಟೆ ಕಿತ್ತಳೆ ಸಿಪ್ಪೆಯ ಚುರುಕು, ಮಧ್ಯಾಹ್ನದವರೆಗೆ ಬೀಜದ್ದೇ ರಾಜ್ಯ, ಸಂಜೆ ಮನೆಗೆ ಬರುವ ಹೊತ್ತಿಗೆ ಶ್ರೀಗಂಧದ ಥರ ಹಾಲಿನಂಥ ನಯ. ನನಗೆ ಅತಿ ಇಷ್ಟ ಆ ಸಂಜೆಯದ್ದು. ಆದರೆ ಅದನ್ನು ಮೂಸಲು ನಾನೊಬ್ಬಳೇ.

ಕಾರ್ತಿಕದ ಕೊನೆಯ ಸೋಮವಾರ ಅದೇ ಸ್ವೆಟರು ಹಾಕಿಕೊಂಡು ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದೆ. ದೊಡ್ಡ ಬಸವಣ್ಣನ ದೇವಸ್ಥಾನದ ರಸ್ತೆಯುದ್ದಕ್ಕೂ ಕಡಲೆಕಾಯಿ ರಾಶಿ. ಒಬ್ಬಾಕೆ ಬಾಣಲೆಯ ಬಿಸಿ ಮರಳಿನಲ್ಲಿ ಕಾಯಿ ಹಾಕಿ ಗರಗರ ತಿರುವುತ್ತಿದ್ದರು. ಜರಡಿಗೆ ಸುರಿದು ಎರಡು ಸಲ ಆಡಿಸಿದರೆ ಮರಳು ಕೆಳಗೆ, ಕಾಯಿ ಮೇಲೆ, ಸಿಪ್ಪೆಯ ಮೇಲೆ ಅಲ್ಲಲ್ಲಿ ಕಪ್ಪು ಚುಕ್ಕೆ. ನನ್ನ ಮಣಿಕಟ್ಟನ್ನು ಮೂಗಿಗೆ ಒತ್ತಿ ಹಿಡಿದು ಮೂಸಿದೆ. ಏನೂ ಇಲ್ಲ. ದುಬೈಯಿಂದ ಬಂದದ್ದು ಆ ರಸ್ತೆಯಲ್ಲಿ ಎಲ್ಲಿ ಕಳೆದುಹೋಯಿತೋ ಗೊತ್ತಾಗಲಿಲ್ಲ. "ಒಂದು ಸೇರು ಹಾಕ್ಲಾ ಅಕ್ಕ?" ಅಂದರು. ಎರಡು ಹಾಕಿಸಿಕೊಂಡೆ.

ಹೋದ ತಿಂಗಳು ನೆಂಟರ ಮದುವೆ ಇತ್ತು. ಅಮ್ಮ ಎಂದಿನ ಹಾಗೆ ಕಡಲೆಹಿಟ್ಟು ಹಚ್ಚಿ ಕೈ ತೊಳೆದಳು, ಬೆರಳು ಮೂಸಿದಳು, ಸೀರೆ ಉಟ್ಟಳು, ಮಲ್ಲಿಗೆ ಮುಡಿದಳು. ಆಮೇಲೆ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತು, ಏನೂ ಹೇಳದೆ ಮಣಿಕಟ್ಟು ಮುಂದೆ ಚಾಚಿದಳು.

"ಏನಮ್ಮಾ?"

"ನಾಟಿದು. ಒಂದೇ ಒಂದು ಸಲ ಹೊಡಿ, ಸೀರೆಗೆ ಬೀಳಬಾರದು."

ಹೊಡೆದೆ. ಆಟೋದಲ್ಲಿ ಸಿಗ್ನಲ್ಲು ದಾಟುವಷ್ಟರಲ್ಲಿ ಎರಡು ಸಲ ಕೈ ಮೂಸಿಕೊಂಡಳು. ಮೂರನೇ ಸಲಕ್ಕೆ ನನ್ನ ಕಡೆ ತಿರುಗಿದಳು.

"ಊಟದ ಹೊತ್ತಿಗೆ ಹೋಗಿ ಸೇರ್ತೀವಿ ತಾನೆ? ಯಾಕೋ ಹಸಿವಾಗ್ತಿದೆ ಕಣೆ."